ಮಕ್ಕಳು ದೂರವಾದ ಮೇಲೆ ಕಾಯದ ಕಾಳಜಿಯೂ ಕಾಯಕವೇ

ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದ ಕೈ, ಮಕ್ಕಳು ಉದ್ಯೋಗವನ್ನರಸಿ ದೂರದ ಊರು ಸೇರಿದ ಮೇಲೆ ನಾಲ್ಕಕ್ಕೆ ನಿಲ್ಲುತ್ತದೆ. ಮುಂಜಾನೆಯ ಲಿಂಗಪೂಜೆ ಮುಗಿದರೆ ಉಳಿದ ಹಗಲು ದೀರ್ಘವಾಗಿ ತೋರುತ್ತದೆ. ಓಡಾಟ ಕುಗ್ಗುತ್ತದೆ, ಮಾತೂ ಕುಗ್ಗುತ್ತದೆ. ಇದನ್ನು ನಾವು ವಿಶ್ರಾಂತಿಯೆಂದು ಕರೆದುಕೊಳ್ಳುತ್ತೇವೆ. ದೇಹವಾದರೋ ಒಳಗೊಳಗೇ ಸೊರಗತೊಡಗುತ್ತದೆ.

ಕಳೆದ ಚಳಿಗಾಲದಲ್ಲಿ ಐವತ್ತೈದು ದಾಟಿದ ನಾವು ನಾಲ್ವರು ಗೆಳತಿಯರು ಬೆಂಗಳೂರಿನ ಹೊರವಲಯದ ಸವಾರಿ ಶಾಲೆಯೊಂದರಲ್ಲಿ ಮೂರು ದಿನ ಕುದುರೆಗಳೊಡನೆ ಕಳೆದೆವು. ಹೊರಡುವ ಮುನ್ನ "ಈ ವಯಸ್ಸಿನಲ್ಲಿ ಇದೇನು?" ಎಂದು ಕೇಳಿದವರು ಹಲವರು. ಹುಬ್ಬಳ್ಳಿಯ ವೃತ್ತದಲ್ಲಿ ಕುದುರೆಯ ಮೇಲೆ ಕುಳಿತ ಕಿತ್ತೂರು ಚನ್ನಮ್ಮನಿಗೆ ಕೈಮುಗಿದು ಸಾಗುವವರೂ ಅವರೇ. 1778ರಲ್ಲಿ ಜನಿಸಿದ ಆ ತಾಯಿ 1824ರಲ್ಲಿ ಕಂಪನಿಯ ಸೈನ್ಯವನ್ನು ಎದುರಿಸಿದಾಗ ನಲವತ್ತೈದರ ಆಸುಪಾಸಿನಲ್ಲಿದ್ದಳು.

ಕುದುರೆ ನಡೆಯುವಾಗ ಅದರ ಬೆನ್ನು ಸವಾರರ ಸೊಂಟವನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ತೂಗುತ್ತದೆ. ನಾವು ನಡೆಯುವಾಗ ಸೊಂಟ ಚಲಿಸುವ ರೀತಿಗೆ ಇದು ಬಹಳ ಹತ್ತಿರ. ನೇರವಾಗಿ ಕೂರಲು ಹೊಟ್ಟೆ, ಬೆನ್ನು, ತೊಡೆಗಳ ಸ್ನಾಯುಗಳು ಕ್ಷಣಕ್ಷಣವೂ ಎಚ್ಚರದಿಂದಿರಬೇಕು. ಮೊದಲ ಸಂಜೆ ತೊಡೆಗಳು ನೊಂದಾಗ, ಅವು ಎಷ್ಟು ವರ್ಷ ಮಲಗಿದ್ದವೆಂಬುದು ನಮಗೆ ಅರಿವಾಯಿತು.

ಹಾಗೆಂದು ಎಲ್ಲರೂ ಕುದುರೆ ಏರಬೇಕೆಂದು ನಾನು ಹೇಳಲಾರೆ. ಮುಟ್ಟು ನಿಂತ ನಂತರದ ಮೊದಲ ಕೆಲವು ವರ್ಷಗಳಲ್ಲಿ ಮೂಳೆಯ ಸಾಂದ್ರತೆ ವೇಗವಾಗಿ ಇಳಿಯುತ್ತದೆ. ಅಂತಹ ಮೂಳೆ ಒಮ್ಮೆ ಬಿದ್ದರೂ ಮುರಿಯಬಹುದು. ಹೊರಡುವ ಮುನ್ನ ಮಾಡಿಸಿದ ತಪಾಸಣೆಯಲ್ಲಿ ನಮ್ಮಲ್ಲೊಬ್ಬರಿಗೆ ಮೂಳೆ ಸವೆತವಿರುವುದು ತಿಳಿಯಿತು. ಅವರು ಸವಾರಿಯನ್ನು ಕೈಬಿಟ್ಟು ಕುದುರೆಯ ಮೈ ಉಜ್ಜಿದರು, ಮೇವು ಹಾಕಿದರು, ನಮ್ಮ ಪಕ್ಕದಲ್ಲೇ ನಡೆದರು. ಮೂರು ದಿನಗಳಲ್ಲಿ ಅತಿ ಹೆಚ್ಚು ನಕ್ಕವರೂ ಅವರೇ. ಬೆನ್ನುಮೂಳೆಯ ತೊಂದರೆಯುಳ್ಳವರು, ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಕುದುರೆ ಏರಬಾರದು. ಏರುವವರಿಗೆ ಹೆಲ್ಮೆಟ್, ನುರಿತ ತರಬೇತುದಾರರು, ಸಾಧು ಕುದುರೆ ಈ ಮೂರೂ ಬೇಕು.

ಮೂರು ದಿನದ ಪ್ರವಾಸದಿಂದ ಆರೋಗ್ಯ ಸಿದ್ಧಿಸದು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೂಚಿಸುತ್ತದೆ. ಒಂಟಿತನವನ್ನೂ ಆರೋಗ್ಯದ ಸಮಸ್ಯೆಯೆಂದು ಪರಿಗಣಿಸಿ ಅದೇ ಸಂಸ್ಥೆ 2023ರಲ್ಲಿ ಆಯೋಗವೊಂದನ್ನು ರಚಿಸಿತು. ಪ್ರವಾಸ ನಮಗೆ ಕೊಟ್ಟದ್ದು ಆರಂಭವನ್ನು ಮಾತ್ರ. ಮರಳಿದಂದಿನಿಂದ ನಾಲ್ವರೂ ನಿತ್ಯ ಬೆಳಿಗ್ಗೆ ಕೂಡಿ ನಡೆಯುತ್ತಿದ್ದೇವೆ.

ಹಿಂದೆ ರಾತ್ರಿ ಎಂಟಾದರೆ ಮಗಳ ಕರೆಗಾಗಿ ಕಾದು ಕೂರುತ್ತಿದ್ದೆ. ಈಗ ಅವಳೇ "ಅವ್ವಾ, ಇಂದು ಎಷ್ಟು ದೂರ ನಡೆದಿರಿ?" ಎಂದು ಕೇಳುತ್ತಾಳೆ.

ಇಷ್ಟಲಿಂಗವನ್ನು ಹಿಡಿಯುವ ಕೈ ನಡುಗದಿರಲು, ದಾಸೋಹದಲ್ಲಿ ಬಡಿಸಲು ನಿಲ್ಲುವ ಕಾಲು ಸೋಲದಿರಲು ಕಾಯ ಗಟ್ಟಿಯಾಗಿರಬೇಕು. ಮಕ್ಕಳನ್ನು ಬೆಳೆಸಿದ್ದು ಒಂದು ಕಾಯಕವಾದರೆ, ಅವರಿಗೆ ಹೊರೆಯಾಗದಂತೆ ನಮ್ಮನ್ನು ನಾವು ಕಾಪಾಡಿಕೊಳ್ಳುವುದು ಅದರ ಮುಂದುವರಿಕೆ. ಅದಕ್ಕಾಗಿ ಗೆಳತಿಯರೊಡನೆ ಮೂರು ದಿನ ಮನೆಗೆ ಬೀಗ ಹಾಕಿ ಹೊರಟರೆ ಸಂಕೋಚಪಡಬೇಕಾದುದೇನೂ ಇಲ್ಲ.