ಕೊನೆಯ ಬಸ್ಸು, ಕೊನೆಯ ದೃಶ್ಯ

ನಾಟಕ ಎಷ್ಟು ಗಂಟೆಗೆ ಶುರು ಅಂತ ಉಡುಪಿ ಪೇಟೆಯವರು ಕೇಳುತ್ತಾರೆ. ಕಾಪುವಿನಿಂದ, ಕಾರ್ಕಳದಿಂದ ಹೋಗುವ ನಮ್ಮಂಥವರ ಪ್ರಶ್ನೆ ಬೇರೆ: ಎಷ್ಟು ಗಂಟೆಗೆ ಮುಗಿಯುತ್ತದೆ? ಇದಕ್ಕೆ ಸರಿಯಾದ ಉತ್ತರ ಕೊಟ್ಟ ಸಂಘಟಕರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಆಮಂತ್ರಣ ಪತ್ರಿಕೆ ನೋಡಿ ಬೇಕಾದರೆ. ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಎಲ್ಲರ ಹೆಸರೂ ಉಂಟು. ರಚನೆ, ನಿರ್ದೇಶನ, ಸಂಗೀತ, ಬೆಳಕು ಅದೂ ಉಂಟು. ಮನೆಗೆ ಯಾವಾಗ ಹೋಗಬಹುದು ಅನ್ನುವುದು ಮಾತ್ರ ಇಲ್ಲ.

ನಮ್ಮ ಊರಲ್ಲಿ ನಾಟಕಕ್ಕೇನೂ ಬರ ಇಲ್ಲ, ಅದು ಸತ್ಯ. ರಂಗಭೂಮಿ ಸಂಸ್ಥೆಯವರು ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ ನಡೆಸುವ ಕನ್ನಡ ನಾಟಕ ಸ್ಪರ್ಧೆಗೆ ನಾಲ್ಕು ದಶಕ ದಾಟಿತು. ರಾಜ್ಯದ ಬೇರೆ ಬೇರೆ ಕಡೆಯ ತಂಡಗಳು ಬರುತ್ತವೆ, ದಿನಕ್ಕೊಂದು ನಾಟಕ. ಅಜ್ಜರಕಾಡಿನ ಭುಜಂಗ ಪಾರ್ಕಿನ ಬಯಲು ರಂಗಮಂಟಪದಲ್ಲಿ ಕೊಡವೂರಿನ ಸುಮನಸಾದವರ ರಂಗಹಬ್ಬ. ಹೆಗ್ಗೋಡಿನಿಂದ ನೀನಾಸಂ ತಿರುಗಾಟ ಬಂದರೆ ಅದು ಬೇರೆ. 1985ರಿಂದ ಅವರು ಊರೂರು ತಿರುಗುತ್ತಿದ್ದಾರೆ. ಮಣಿಪಾಲದಲ್ಲಿ ವಿದ್ಯಾರ್ಥಿಗಳ ಸಣ್ಣ ಸಣ್ಣ ಪ್ರಯೋಗಗಳು. ದೇವಸ್ಥಾನದ ಬ್ರಹ್ಮಕಲಶಕ್ಕೆ ತುಳು ನಾಟಕ, ಶಾಲೆಯ ವಾರ್ಷಿಕೋತ್ಸವಕ್ಕೆ ಹಳೆ ವಿದ್ಯಾರ್ಥಿಗಳ ನಾಟಕ. ಇನ್ನು ಆಟವಂತೂ ದೀಪಾವಳಿ ಕಳೆದ ಮೇಲೆ ಪತ್ತನಾಜೆಯವರೆಗೆ ಒಂದಲ್ಲ ಒಂದು ಗದ್ದೆಯಲ್ಲಿ ಇದ್ದೇ ಇದೆ.

ಇಂಥ ಸಣ್ಣ ಜಾಗದಲ್ಲಿ ನಾಟಕ ನೋಡುವ ಖುಷಿ ದೊಡ್ಡ ಊರಿನವರಿಗೆ ಸಿಗುವುದು ಕಷ್ಟ. ಇಲ್ಲಿ ರಾಜ ನಮ್ಮ ಬ್ಯಾಂಕಿನ ಗುಮಾಸ್ತ. ಮಂತ್ರಿ ಹೈಸ್ಕೂಲಿನ ಗಣಿತದ ಮಾಸ್ಟ್ರು. ನಿನ್ನೆ ರಾತ್ರಿ ಇಡೀ ರಾಜ್ಯಕ್ಕೆ ಮರಣದಂಡನೆ ಕೊಟ್ಟವರು ಇವತ್ತು ಕೌಂಟರಿನ ಆಚೆ ಕೂತು "ಅಕ್ಕ, ಪಾಸ್‌ಬುಕ್ ತಂದಿದ್ದೀರಾ?" ಅಂತ ಕೇಳುತ್ತಾರೆ. ಕಣ್ಣಿನ ಕೆಳಗೆ ಕಾಡಿಗೆ ಸರಿಯಾಗಿ ಹೋಗಿರುವುದಿಲ್ಲ. ಕಾರ್ಕಳದ ಕಡೆ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ನಾಯಕಿ ಗಂಡನನ್ನು ಬಿಟ್ಟು ಮನೆಯಿಂದ ಹೊರಡುವ ದೃಶ್ಯ. ಎಲ್ಲರೂ ಉಸಿರು ಹಿಡಿದು ಕೂತಿದ್ದಾರೆ. ನನ್ನ ಹಿಂದಿನ ಸಾಲಿನ ಅಜ್ಜಿಯೊಬ್ಬರು ಗಟ್ಟಿಯಾಗಿ, "ಹೋಗು ಮಗಳೇ, ತಿರುಗಿ ನೋಡಬೇಡ" ಅಂದುಬಿಟ್ಟರು. ಆ ಹುಡುಗಿಗೆ ಕೇಳಿಸಿತು ಅಂತ ಕಾಣುತ್ತದೆ, ಒಂದು ಕ್ಷಣ ನಿಂತು ಆಮೇಲೆ ಹೋದಳು. ಆ ನಾಟಕದ ಹೆಸರು ನನಗೆ ಈಗ ನೆನಪಿಲ್ಲ, ಅವಳು ನಿಂತದ್ದು ನೆನಪುಂಟು.

ಮುದ್ದಣ ಮಂಟಪ ಅಂದಾಗಲೆಲ್ಲ ನನಗೊಂದು ಯೋಚನೆ ಬರುವುದುಂಟು. ಮುದ್ದಣ ಅಂದರೆ ನಂದಳಿಕೆ ಲಕ್ಷ್ಮೀನಾರಾಯಣಪ್ಪ, ಕಾರ್ಕಳ ತಾಲೂಕಿನವರು. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದರು. ಯಕ್ಷಗಾನಕ್ಕೆ ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಬರೆದವರು, 1901ರಲ್ಲಿ ಮೂವತ್ತೊಂದರ ಪ್ರಾಯಕ್ಕೇ ತೀರಿಕೊಂಡರು. ಅವರ ‘ರಾಮಾಶ್ವಮೇಧ’ದಲ್ಲಿ ಕತೆ ಹೇಳುವವ ಮುದ್ದಣ, ಕೇಳುವವಳು ಹೆಂಡತಿ ಮನೋರಮೆ. ಹೊರಗೆ ಮಳೆ, ಗಂಡ ಮನೆಗೆ ಬಂದಿದ್ದಾನೆ, ಉಪಚಾರ ಆಗಿದೆ. ಇನ್ನು ಕತೆ ಹೇಳು ಅನ್ನುತ್ತಾಳೆ. ಯಾವ ಕತೆ ಬೇಕು, ಪದ್ಯವೋ ಗದ್ಯವೋ, ಎಲ್ಲ ಅವಳದೇ ತೀರ್ಮಾನ. ನಡುನಡುವೆ ಕೊಂಕು, ಪ್ರಶ್ನೆ, ತಮಾಷೆ. ಕನ್ನಡದಲ್ಲಿ ಇಷ್ಟು ಜೋರಿನ ಪ್ರೇಕ್ಷಕಿ ಇನ್ನೊಬ್ಬಳಿಲ್ಲ. ಆದರೆ ಅವಳಿಗೊಂದು ಅನುಕೂಲ ಇತ್ತು ನೋಡಿ. ಕತೆ ನಡೆಯುವುದು ಅವಳ ಮನೆಯಲ್ಲೇ. ಕುಂಜಿಬೆಟ್ಟಿನಿಂದ ಬಸ್ಸು ಹಿಡಿಯುವ ಚಿಂತೆ ಇರಲಿಲ್ಲ.

ನಮಗೆ ಉಂಟು. ಎಂ.ಜಿ.ಎಂ. ಕಾಲೇಜು ಇರುವುದು ಉಡುಪಿ–ಮಣಿಪಾಲ ರಸ್ತೆಯಲ್ಲಿ. ಕಾರ್ಕಳದ ನನ್ನ ಅತ್ತಿಗೆಗೆ ಒಂದು ರೀತಿಯಲ್ಲಿ ಸುಲಭ, ಮಣಿಪಾಲ, ಹಿರಿಯಡ್ಕ ಮೇಲೆ ಹೋಗುವ ಬಸ್ಸು ಅದೇ ರಸ್ತೆಯಲ್ಲಿ ಬರುತ್ತದೆ. ಆದರೆ ಅವಳಿಗೆ ಮೂವತ್ತೈದು ಕಿಲೋಮೀಟರಿಗಿಂತ ಹೆಚ್ಚು ದಾರಿ. ನನಗೆ ಹನ್ನೆರಡು–ಹದಿಮೂರು ಕಿಲೋಮೀಟರು ಅಷ್ಟೇ, ಆದರೆ ಮೊದಲು ಕಲ್ಸಂಕಕ್ಕೆ ಇಳಿದು, ಸರ್ವಿಸ್ ಬಸ್‌ಸ್ಟ್ಯಾಂಡಿಗೆ ಹೋಗಿ, ಕಟಪಾಡಿ ದಾಟಿ ಕಾಪು ಮುಟ್ಟಬೇಕು. ರಾತ್ರಿ ಹೊತ್ತೇರಿದ ಹಾಗೆ ಬಸ್ಸುಗಳು ಕಡಿಮೆ. ಜನ ಕಡಿಮೆ ಇದ್ದರೆ ಕೊನೆಯ ಟ್ರಿಪ್ಪು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೆದ್ದಾರಿಯಲ್ಲಿ ಇಳಿದ ಮೇಲೆ ಮನೆಯವರೆಗೆ ರಿಕ್ಷಾ ಸಿಗಬೇಕು. ಹಾಗಾಗಿ ನಾಟಕ ನೋಡುವಾಗ ನಮ್ಮದು ಒಂದು ಕಣ್ಣು ರಂಗದ ಮೇಲೆ, ಇನ್ನೊಂದು ಗಡಿಯಾರದ ಮೇಲೆ. ಮೊಬೈಲು ತೆಗೆದು ಗಂಟೆ ನೋಡಿದರೆ ಪಕ್ಕದವರು ಮುಖ ಸಿಂಡರಿಸುತ್ತಾರೆ, ಅದೂ ನ್ಯಾಯವೇ. ಅದಕ್ಕೇ ನಾನು ನಾಟಕಕ್ಕೆ ಹೋಗುವಾಗ ಹಳೆ ಕೈಗಡಿಯಾರ ಕಟ್ಟಿಕೊಂಡು ಹೋಗುತ್ತೇನೆ.

ಹೀಗೆ ಕೊನೆ ನೋಡದ ನಾಟಕಗಳ ದೊಡ್ಡ ಪಟ್ಟಿಯೇ ನನ್ನ ಹತ್ತಿರ ಉಂಟು. ಅದರಲ್ಲಿ ಗಿರೀಶ ಕಾರ್ನಾಡರ ‘ನಾಗಮಂಡಲ’ದ್ದು ಮರೆಯುವಂಥದ್ದಲ್ಲ. ಆ ನಾಟಕ ಶುರುವಾಗುವುದೇ ನಮ್ಮಂಥವರ ವಿಷಯದಿಂದ. ಪ್ರೇಕ್ಷಕರನ್ನು ತೂಕಡಿಸುವಂತೆ ಮಾಡಿದ ಪಾಪಕ್ಕೆ ಒಬ್ಬ ನಾಟಕಕಾರ, ತಿಂಗಳಲ್ಲಿ ಒಂದು ರಾತ್ರಿಯಾದರೂ ಪೂರ್ತಿ ಎಚ್ಚರ ಇರಬೇಕು, ಇಲ್ಲದಿದ್ದರೆ ಸಾಯುತ್ತಾನೆ. ಅವನು ಕೂತಿದ್ದ ಹಾಳು ಗುಡಿಗೆ ಊರಿನ ದೀಪಗಳ ಜ್ವಾಲೆಗಳೆಲ್ಲ ಹರಟೆಗೆ ಬರುತ್ತವೆ. ಮನೆಯಲ್ಲಿ ದೀಪ ಆರಿಸಿದ ಮೇಲೆ ಅವಕ್ಕೆ ಬಿಡುವು. ಅಂದರೆ ಮನೆಕೆಲಸ ಮುಗಿಸಿ ಬಂದ ಹೆಂಗಸರೇ ಅನ್ನಿ! ಅವತ್ತು ನಾಟಕ ಶುರುವಾಗುವಾಗಲೇ ತಡ ಆಗಿತ್ತು. ರಾಣಿಯ ಕೂದಲಲ್ಲಿ ನಾಗ ಸತ್ತ ಕೂಡಲೇ ನಾವು ಮೂವರು ಎದ್ದೆವು, ಇನ್ನು ಕೂತರೆ ಬಸ್ಸಿಲ್ಲ. ಮರುದಿನ ಬೆಳಿಗ್ಗೆ ಇಂದ್ರಾಳಿಯ ಗೆಳತಿಯ ಫೋನು. "ಎಂತ ಮಾರಾಯ್ತಿ, ಸತ್ತ ಕೂಡಲೇ ಎದ್ದು ಹೋದದ್ದು? ಜ್ವಾಲೆಗಳು ಒಪ್ಪಲಿಲ್ಲ, ಕತೆ ಮತ್ತೆ ಬದಲಾಯಿತು. ನಾಗ ಬದುಕಿದೆ. ರಾಣಿಯ ಕೂದಲಲ್ಲೇ ಉಂಟು!" ಒಂದೇ ನಾಟಕ. ಮನೆ ಹತ್ತಿರ ಇದ್ದವರಿಗೆ ನಾಗ ಬದುಕಿತು, ನಮಗೆ ಸತ್ತಿತು.

ಇದನ್ನು ಅತ್ತೆಯ ಹತ್ತಿರ ಹೇಳಿದರೆ ಅವರು ನಕ್ಕರು. ಅವರ ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲವಂತೆ. ಸಂಜೆ ಕೇಳಿ ಬಾರಿಸಿದ್ದು ದೂರದಿಂದ ಕೇಳಿಸಿದರೆ ಸಾಕು, ಬೇಗ ಬೇಗ ಊಟ ಮುಗಿಸಿ, ಚಾಪೆ ಸುತ್ತಿಕೊಂಡು, ಮಕ್ಕಳನ್ನು ಕಟ್ಟಿಕೊಂಡು ಸೂಟೆಯ ಬೆಳಕಿನಲ್ಲಿ ಏಳೆಂಟು ಮನೆಯವರು ಒಟ್ಟಿಗೆ ಹೊರಡುವುದು. ಮಕ್ಕಳು ಹನ್ನೊಂದು ಗಂಟೆಗೆಲ್ಲ ಚಾಪೆಯಲ್ಲಿ ನಿದ್ದೆ. ಬಣ್ಣದ ವೇಷ ಬರುವಾಗ ಎಬ್ಬಿಸುವುದು. ದೇವಿ ಮಹಾತ್ಮೆಯಾದರೆ ಮಹಿಷಾಸುರ ಬೆಂಕಿ ಹಿಡಿದು ಜನರ ನಡುವಿನಿಂದಲೇ ಬರುತ್ತಾನಲ್ಲ, ಆಗ ಎದ್ದ ಮಗು ಮತ್ತೆ ಬೆಳಗಿನವರೆಗೆ ಮಲಗುವುದಿಲ್ಲ. ಬೆಳಕು ಹರಿಯುವಾಗ ಮಂಗಳ, ಆಮೇಲೆ ಸೂಟೆಯೂ ಬೇಡ, ಕಣ್ಣಿಗೆ ಕಾಣುವ ದಾರಿಯಲ್ಲಿ ಮನೆ. ದೂರದವರಿಗೆ ಮೊದಲ ಬಸ್ಸು.

ಇಡೀ ರಾತ್ರಿಯ ಆಟ ಅಂದರೆ ಭಕ್ತಿ, ಸಂಪ್ರದಾಯ ಎಂದೆಲ್ಲ ನಾವು ದೊಡ್ಡ ದೊಡ್ಡ ಮಾತು ಆಡುತ್ತೇವೆ. ಅದೆಲ್ಲ ಇರಬಹುದು. ನನಗೆ ಕಾಣುವುದು ಅದರ ಇನ್ನೊಂದು ಅನುಕೂಲ: ಅದು ಮನೆಗೆ ಹೋಗಬಹುದಾದ ಹೊತ್ತಿಗೆ ಮುಗಿಯುತ್ತಿತ್ತು. ಹಾಗಂತ ಹಳೆಯದೆಲ್ಲ ಸ್ವರ್ಗ ಅಂತ ನಾನು ಹೇಳುವುದಿಲ್ಲ. ಅತ್ತೆಯೇ ಹೇಳುವ ಹಾಗೆ, ಗಂಡಸರು ಬೆಳಿಗ್ಗೆ ಬಂದು ಮಲಗುತ್ತಿದ್ದರು, ಹೆಂಗಸರು ಬಂದು ಒಲೆ ಹಚ್ಚುತ್ತಿದ್ದರು. ನಿದ್ದೆಗಣ್ಣಲ್ಲಿ ತೆಂಗಿನಕಾಯಿ ತುರಿಯುವಾಗ ಕೈ ಕೊಯ್ದುಕೊಂಡ ಗುರುತು ಅವರ ಹೆಬ್ಬೆರಳಲ್ಲಿ ಈಗಲೂ ಉಂಟು.

ಈಗ ಕಾಲಮಿತಿ ಬಂದಿದೆ. ಧರ್ಮಸ್ಥಳ ಮೇಳ ಆ ದಾರಿ ಹಿಡಿಯಿತು. 2022ರಲ್ಲಿ ಕಟೀಲು ಮೇಳದ ಆಟವೂ ಕಾಲಮಿತಿಗೆ ಅಂದಾಗ ದೊಡ್ಡ ಚರ್ಚೆಯಾಗಿ ವಿಷಯ ಕೋರ್ಟಿಗೂ ಹೋಯಿತು. ಕಾರಣ ಇಲ್ಲದೆ ಅಲ್ಲ, 2000ನೇ ಇಸವಿಯ ಶಬ್ದಮಾಲಿನ್ಯದ ನಿಯಮ ಹೇಳುವುದು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬೇಡ ಅಂತ. ಕಲಾವಿದರ ಆರೋಗ್ಯ, ಮಕ್ಕಳ ಪರೀಕ್ಷೆ, ಬೆಳಿಗ್ಗೆ ಆಫೀಸು, ಎಲ್ಲ ಹೌದು. ಆದರೆ ಚರ್ಚೆಯಲ್ಲಿ ಪ್ರಸಂಗಕ್ಕೆ ಕತ್ತರಿ ಬೀಳುತ್ತದೆ, ಪೂರ್ವರಂಗ ಹೋಗುತ್ತದೆ ಎನ್ನುವ ಮಾತೆಲ್ಲ ಬಂತು. ನಡುರಾತ್ರಿ ಮುಗಿದ ಆಟದಿಂದ ಬೈಕು, ಕಾರು ಇಲ್ಲದವರು ಹೇಗೆ ಮನೆಗೆ ಹೋಗುವುದು ಎನ್ನುವ ಮಾತು ನನ್ನ ಕಿವಿಗಂತೂ ಬೀಳಲಿಲ್ಲ. ಹನ್ನೆರಡು ಗಂಟೆ ಅಂದರೆ ಅತ್ತ ಬಸ್ಸೂ ಇಲ್ಲ, ಇತ್ತ ಬೆಳಕೂ ಇಲ್ಲ. ಹತ್ತು ಗಂಟೆಗೆ ಹೆಂಗಸರ ಕುರ್ಚಿಗಳು ಖಾಲಿಯಾಗುವುದನ್ನು ನೀವೂ ನೋಡಿರಬಹುದು. "ಈಗಿನವರಿಗೆ ಆಸಕ್ತಿ ಇಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ನಾಟಕದ್ದೂ ಹಾಗೇ. ಆರೂವರೆಗೆ ಅಂತ ಪತ್ರಿಕೆಯಲ್ಲಿರುತ್ತದೆ. ಆರೂವರೆಗೆ ದೀಪ ಬೆಳಗುವುದು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. "ಎರಡೇ ಮಾತು" ಅಂತ ಮೈಕು ಹಿಡಿದವರ ಎರಡು ಮಾತಿಗೆ ಇಪ್ಪತ್ತು ನಿಮಿಷ. ದುಡ್ಡು ಕೊಟ್ಟವರಿಗೆ ಗೌರವ ಬೇಡವಾ ಅಂತ ಸಂಘಟಕರು ಕೇಳುತ್ತಾರೆ. ಬೇಕು, ಖಂಡಿತ ಬೇಕು, ಅವರಿಲ್ಲದಿದ್ದರೆ ನಾವು ಪುಕ್ಕಟೆ ಕೂತು ನಾಟಕ ನೋಡುವುದು ಹೇಗೆ? ಹಾಗಾದರೆ ಸಭೆ ನಾಟಕದ ನಂತರ ಇಡಬಹುದಲ್ಲ ಅಂದೆ ಒಬ್ಬರ ಹತ್ತಿರ. "ಆಗ ಯಾರು ಕೂತುಕೊಳ್ತಾರೆ?" ಅಂದರು. ಉತ್ತರ ಅವರಿಗೇ ಗೊತ್ತುಂಟು. ಎದುರು ನಾವು ಕೂತಿರಬೇಕು, ಕೊನೆಯ ದೃಶ್ಯಕ್ಕೆ ಇಲ್ಲದಿದ್ದರೂ ನಡೆಯುತ್ತದೆ.

ಬೇರೆ ಕಡೆ ಹೀಗಿರಲೇಬೇಕು ಅಂತೇನಿಲ್ಲ. ಶೇಕ್ಸ್‌ಪಿಯರನ ಕಾಲದ ಲಂಡನ್ನಿನಲ್ಲಿ ಬಯಲು ರಂಗಮಂದಿರಗಳ ನಾಟಕ ಮಧ್ಯಾಹ್ನವೇ. ಹಗಲಿನ ಬೆಳಕಲ್ಲಿ ಆಡಿ ಮುಗಿಸಿದರೆ ಥೇಮ್ಸ್ ನದಿಯ ಆಚೆ ದಡದಿಂದ ಬಂದವರು ದೋಣಿ ಹತ್ತಿ ಮನೆಗೆ. ಮರಾಠಿಯವರಲ್ಲಿ ಭಾನುವಾರ ಮಧ್ಯಾಹ್ನದ ಪ್ರಯೋಗ ಅಂದರೆ ಹೊಸದೇನಲ್ಲ, ಇಡೀ ಕುಟುಂಬವೇ ಹೋಗುತ್ತದೆ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ರಂಗಶಂಕರದಲ್ಲಿ ಹೇಳಿದ ಗಂಟೆಗೆ ಬಾಗಿಲು ಹಾಕಿದರೆ ಆಯಿತು, ತಡವಾಗಿ ಬಂದವರು ಯಾರೇ ಆದರೂ ಹೊರಗೆ. ಇದೆಂಥ ಗರ್ವ ಅಂತ ನಮ್ಮ ಮನೆಯವರು ಒಮ್ಮೆ ಹೇಳಿದರು. ನನಗೆ ಹಾಗೆ ಅನ್ನಿಸುವುದಿಲ್ಲ. ಬಾಗಿಲು ಹೊತ್ತಿಗೆ ಹಾಕಿದರೆ ಹೊತ್ತಿಗೆ ತೆರೆಯುತ್ತದೆ. ದೂರದಿಂದ ಬಂದ ಹೆಂಗಸಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ನಾನು ಕೇಳುವುದು ದೊಡ್ಡದೇನಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಗೌರವ ಉಪಸ್ಥಿತಿಯ ಕೆಳಗೆ ಒಂದು ಸಾಲು ಹಾಕಿ: ನಾಟಕದ ಅವಧಿ ಇಷ್ಟು ನಿಮಿಷ, ಮುಗಿಯುವುದು ಇಷ್ಟು ಗಂಟೆಗೆ. ತಾಲೀಮು ಮಾಡಿದವರಿಗೆ ಅದು ಗೊತ್ತೇ ಇರುತ್ತದೆ. ವಾರಕ್ಕೊಂದಾದರೂ, ಭಾನುವಾರ ನಾಲ್ಕು ಗಂಟೆಗೆ ಒಂದು ಪ್ರಯೋಗ ಇಡಿ. ಬಿಸಿಲು ಅನ್ನುತ್ತೀರಾದರೆ ಐದಕ್ಕೆ. ನಾಟಕ ಮುಗಿದ ಮೇಲೆ ಕಾರ್ಕಳದ ಕಡೆ, ಕುಂದಾಪುರದ ಕಡೆ, ಕಾಪುವಿನ ಕಡೆ ಯಾರ ಕಾರಲ್ಲಿ ಸೀಟು ಉಂಟು ಅಂತ ಮೈಕಿನಲ್ಲಿ ಒಮ್ಮೆ ಕೇಳಿದರೂ ಸಾಕು. ಅರ್ಧ ನಿಮಿಷದ ಕೆಲಸ.

ಅದೆಲ್ಲ ಆಗುವವರೆಗೆ ನಾವು ಕೂತಿರುವುದು ಬೇಡ ಅಂತ ಈ ವರ್ಷ ನಾಲ್ವರು ಸೇರಿಕೊಂಡಿದ್ದೇವೆ. ಹೊಸತಾಗಿ ಕಾರು ಕಲಿತ ನನ್ನ ನಾದಿನಿ ಓಡಿಸುವುದು, ಪೆಟ್ರೋಲು ಪಾಲು. ಅವತ್ತು ರಾತ್ರಿ ಮನೆಯಲ್ಲಿ ಗಂಜಿ, ಉಪ್ಪಿನಕಾಯಿ. ಬೇಕಾದವರು ಹಪ್ಪಳ ಸುಟ್ಟುಕೊಳ್ಳಬಹುದು, ಅದನ್ನೂ ಮೊದಲೇ ಹೇಳಿಯಾಗಿದೆ. ಅತ್ತೆಗೆ ಮುಂದಿನ ಸೀಟು. ಹಿಂದೆ ಒಂದು ಜಾಗ ಇನ್ನೂ ಖಾಲಿ ಉಂಟು, ಉದ್ಯಾವರದವರೋ ಕಟಪಾಡಿಯವರೋ ಆದರೆ ದಾರಿಯಲ್ಲೇ ಹತ್ತಿಸಿಕೊಳ್ಳುತ್ತೇವೆ.