ಒಂದು ಓಟಿನ ಬೆಲೆ, ಒಂದು ಹೆಣ್ಣಿನ ಗಾಯ

ಗಂಡ ಹೊಡೆದನೆಂದು ಠಾಣೆಗೆ ಹೋದ ಹೆಣ್ಣು ನಾಲ್ಕು ದಿನ ಬಿಟ್ಟು "ಇಲ್ಲ, ನಾನೇ ಬಿದ್ದೆ" ಎಂದರೆ ನಮ್ಮಲ್ಲಿ ಏನಾಗುತ್ತದೆ? ಪೊಲೀಸರು ಫೈಲು ಮುಚ್ಚುತ್ತಾರೆ. "ಹೆಂಗಸರ ಮಾತೇ ಇಷ್ಟು" ಎಂದು ಊರು ನಗುತ್ತದೆ. ಹಾಗೆ ಮುಚ್ಚಿಹೋಗದ ಒಂದು ಪ್ರಕರಣವನ್ನು ಸಂಘದ ಸೋದರಿಯರ ಮುಂದಿಡುತ್ತೇನೆ. ಇದು ಅಮೆರಿಕದ ನ್ಯೂಯಾರ್ಕಿನದು.

ಹೈರಾಮ್ ಮಾನ್ಸೆರಾಟ್ ಅಲ್ಲಿ 12 ವರ್ಷ ಪೊಲೀಸನಾಗಿದ್ದು, ನಗರಸಭೆ ಸದಸ್ಯನಾಗಿ, 2008ರ ನವೆಂಬರಿನಲ್ಲಿ ರಾಜ್ಯದ ಮೇಲ್ಮನೆಯಾದ ಸೆನೆಟ್ಟಿಗೆ ಆರಿಸಿ ಬಂದ. ಪ್ರಮಾಣವಚನಕ್ಕೆ ಮುನ್ನವೇ, ಡಿಸೆಂಬರ್ 19ರಂದು, ಈತನ ಮನೆಯಲ್ಲಿ ಈತನ ಸಂಗಾತಿಯ ಮುಖ ಒಡೆದ ಗಾಜಿನಿಂದ ಸೀಳಿತು. ಹತ್ತಿರದ ಆಸ್ಪತ್ರೆ ಬಿಟ್ಟು ದೂರದ ಆಸ್ಪತ್ರೆಗೆ ಕರೆದೊಯ್ದ. ಈತನೇ ಮಾಡಿದ್ದೆಂದು ಅಲ್ಲಿ ಹೇಳಿದ ಆಕೆ, ಆಮೇಲೆ ಅದು ಆಕಸ್ಮಿಕ ಎಂದಳು.

ಆದರೆ ಆಕೆಯನ್ನು ಎಳೆದೊಯ್ಯುವ ದೃಶ್ಯ ಕಟ್ಟಡದ ಕ್ಯಾಮೆರಾದಲ್ಲಿ ದಾಖಲಾಗಿತ್ತು. 2009ರ ಅಕ್ಟೋಬರಿನಲ್ಲಿ ನ್ಯಾಯಾಧೀಶರು ಗಾಜಿನ ಗಾಯದ ಆರೋಪದಿಂದ ಈತನನ್ನು ಬಿಟ್ಟರೂ, ಎಳೆದಾಡಿ ನೋಯಿಸಿದ್ದಕ್ಕೆ ತಪ್ಪಿತಸ್ಥನೆಂದರು. ಜೈಲಿಲ್ಲ. ಮೂರು ವರ್ಷ ಪ್ರೊಬೇಷನ್, 250 ಗಂಟೆ ಸಮಾಜಸೇವೆ, 1,000 ಡಾಲರ್ ದಂಡ.

ಇಷ್ಟು ದಿನ ಈತನ ಪಕ್ಷ ಏನು ಮಾಡುತ್ತಿತ್ತು? 62 ಸ್ಥಾನಗಳ ಸದನದಲ್ಲಿ ಅದಕ್ಕಿದ್ದದ್ದು 32. ಹಾಗಾಗಿ ಬಂಧನವಾಗಿ ಬಂದವನನ್ನೇ ಜನವರಿಯಲ್ಲಿ ಸದನದಲ್ಲಿ ಕೂರಿಸಿಕೊಂಡಿತು. ಜೂನಿನಲ್ಲಿ ಈತ ಇನ್ನೊಬ್ಬನೊಂದಿಗೆ ಎದುರು ಪಕ್ಷದತ್ತ ಹಾರಿದಾಗ ಅವರೂ ಬರಮಾಡಿಕೊಂಡರು! ಕೆಲವೇ ದಿನಗಳಲ್ಲಿ ಮರಳಿದ. ಸ್ವಪಕ್ಷ ಮತ್ತೆ ಬಾಗಿಲು ತೆರೆಯಿತು. ಎರಡೂ ಕಡೆಯವರು ಎಣಿಸಿದ್ದು ಈತನ ಓಟನ್ನು. ಆ ಹೆಣ್ಣಿನ ಮುಖದ ಹೊಲಿಗೆಗಳನ್ನು ಯಾರೂ ಎಣಿಸಲಿಲ್ಲ.

ಕೊನೆಗೆ 2010ರ ಫೆಬ್ರವರಿ 9ರಂದು ಸೆನೆಟ್ 53–8 ಮತಗಳಿಂದ ಈತನನ್ನು ಹೊರಹಾಕಿತು. ಆಕೆ ದೂರಿಲ್ಲವೆಂದರೂ ಸದನ ತನ್ನ ಹೊಣೆ ಬಿಡಲಿಲ್ಲ. ಮಾರ್ಚಿನ ಉಪಚುನಾವಣೆಗೆ ಮತ್ತೆ ನಿಂತ, ಮತದಾರರು ಸೋಲಿಸಿದರು. 2012ರಲ್ಲಿ ಸಾರ್ವಜನಿಕ ಹಣ ದುರುಪಯೋಗದ ತಪ್ಪೊಪ್ಪಿ ಜೈಲುಶಿಕ್ಷೆಗೂ ಗುರಿಯಾದ.

ನಮ್ಮಲ್ಲೂ ಕಾನೂನಿದೆ. ಹಳೆಯ 498ಎ (2024ರಿಂದ ನ್ಯಾಯ ಸಂಹಿತೆಯ 85ನೇ ಕಲಮು) ಅಡಿ ಶಿಕ್ಷೆಯಾದವನು ಶಾಸಕನಾಗಿರುವಂತಿಲ್ಲ ಎನ್ನುತ್ತದೆ ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಕಲಮು. ವರದಕ್ಷಿಣೆ ನಿಷೇಧ ಕಾಯ್ದೆಯಡಿ ಆರು ತಿಂಗಳು ಅಥವಾ ಹೆಚ್ಚಿನ ಸಜೆಯಾದರೂ ಹಾಗೆಯೇ. ಆದರೆ ಶಿಕ್ಷೆ ಆದರೆ ತಾನೆ? ಕೇಸು ಕೋರ್ಟು ಮುಟ್ಟುವ ಮೊದಲೇ ಜಗಲಿಯ ಮೇಲೆ ರಾಜಿಯಾಗುತ್ತದೆ. ರಾಜಿಗೆ ಕೂರುವವರಲ್ಲಿ ನಾಳೆ ಓಟು ಕೇಳಲು ಬರುವವರೂ ಇರುತ್ತಾರೆ.

ಆದ್ದರಿಂದ ಸೋದರಿಯರೇ, ಮಾತು ಬದಲಿಸಿದವಳನ್ನು ಹಂಗಿಸಬೇಡಿ. ಅವಳು ಅದೇ ಮನೆಗೆ ಮರಳಬೇಕಾದವಳು. ಆಸ್ಪತ್ರೆಯ ಚೀಟಿ, ಗಾಯದ ಫೋಟೋ, ಕೂಗು ಕೇಳಿದ ನೆರೆಯವರ ಹೇಳಿಕೆ ಇವನ್ನು ಸಂಘವೇ ಜೋಪಾನ ಮಾಡಲಿ. ಚುನಾವಣೆ ಬಂದಾಗ ಅಭ್ಯರ್ಥಿಯ ಪ್ರಮಾಣಪತ್ರದಲ್ಲಿ ಮೊಕದ್ದಮೆಗಳ ವಿವರ ಇರಲೇಬೇಕು. ಅದನ್ನು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಒಂದು ಓಟಿಗೆ ಎಷ್ಟು ಬೆಲೆಯೆಂದು ಪಕ್ಷಗಳಿಗೆ ಚೆನ್ನಾಗಿ ಗೊತ್ತು. ನಮಗೂ ಗೊತ್ತಿರಬೇಕು.