ಒತ್ತಕ್ಷರಕ್ಕೆ ಕತ್ತರಿ ಹಾಕುವ ಥೀಮು

ನಮ್ಮೂರು ಹೊಸರಿತ್ತಿ. ಹಾವೇರಿ ತಾಲ್ಲೂಕು, ವರದಾ ನದಿ ದಂಡಿ. ಒಂದು ಸಾಲದ ಅರ್ಜಿಯ ವೆಬ್ ಆ್ಯಪ್ ಟೆಸ್ಟ್ ಮಾಡುವಾಗ ಡ್ರಾಪ್‌ಡೌನಿನಲ್ಲಿ ಅದು ‘ಹೊಸರಿತಿ’ ಆಗಿತ್ತು. ರಾಣೆಬೆನ್ನೂರು ‘ರಾಣೆಬೆನೂರು’. ಬ್ಯಾಡಗಿಯ ಒತ್ತು ಅರ್ಧ ಕಡಿದು ಬಾಲದಂತೆ ಉಳಿದಿತ್ತು. ಹಾವೇರಿ ಒಂದೇ ಬಚಾವು, ಅದಕ್ಕೆ ಒತ್ತಕ್ಷರವೇ ಇಲ್ಲ ನೋಡ್ರಿ!

ಡೇಟಾಬೇಸಿನಲ್ಲಿ ಹೆಸರು ಸರಿಯಾಗೇ ಇತ್ತು. ಕತ್ತರಿ ಹಾಕಿದ್ದು ನಮ್ಮದೇ ಥೀಮು. ಬಾಕ್ಸಿನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿದು, ಲೈನ್-ಹೈಟ್ 1 ಕೊಟ್ಟು, ಹೊರಗೆ ಚಾಚಿದ್ದನ್ನು ಮರೆಮಾಡು ಅಂತ ಬರೆದಿದ್ದೆವು. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ಒತ್ತು ಅಕ್ಷರದ ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬೇಕು.

ಟೀಮಿನಲ್ಲಿ ಹೇಳಿದರೆ ಬರುವ ಮೊದಲ ಉತ್ತರ, ‘ಫ್ರೇಮ್‌ವರ್ಕ್ ಹಂಗೈತಿ, ಏನ್ ಮಾಡೋದು?’ ಸುಳ್ಳು. ಪ್ರೈಮ್‌ಫೇಸಸ್‌ನಲ್ಲಿ ವೆಬ್.ಎಕ್ಸ್‌ಎಂಎಲ್‌ನ ಒಂದು ಸೆಟ್ಟಿಂಗ್ ಬದಲಿಸಿದರೆ ಇಡೀ ಥೀಮೇ ಬದಲು. ವಾಡಿನ್‌ನ ಕಾಂಪೊನೆಂಟುಗಳು ಶ್ಯಾಡೋ ಡಾಮ್ ಒಳಗೆ ಕೂತಿರುತ್ತವೆ, ಹೊರಗಿನ ಸಿಎಸ್‌ಎಸ್ ಸುಮ್ಮನೆ ಒಳಗೆ ನುಗ್ಗಲ್ಲ, ನಿಜ. ಆದರೆ ಫಾಂಟು, ಅಳತೆ, ಲೈನ್-ಹೈಟ್ ಬದಲಿಸಲು ಅವರೇ ವೇರಿಯಬಲ್ ಕೊಟ್ಟಿದ್ದಾರೆ. ವಿಕೆಟ್‌ನಲ್ಲಂತೂ ಎಚ್‌ಟಿಎಂಎಲ್ಲೇ ನಿಮ್ಮ ಕೈಯಲ್ಲಿ. ಬಾಗಿಲು ತೆರೆದೇ ಇದೆ. ಬ್ರ್ಯಾಂಡಿನ ನೀಲಿ ಒಂದು ಶೇಡ್ ಹೆಚ್ಚುಕಮ್ಮಿಯಾದರೆ ಎರಡು ದಿನ ಮೀಟಿಂಗ್ ಮಾಡುವ ನಾವು ಆ ಬಾಗಿಲಲ್ಲಿ ಬಣ್ಣದ ಡಬ್ಬಿ ಮಾತ್ರ ಒಯ್ಯುತ್ತೇವೆ.

ಎರಡನೇ ಉತ್ತರ ಇನ್ನೂ ಜಾಣತನದ್ದು: ‘ಕನ್ನಡ ಯಾರೂ ಬಳಸಲ್ಲ.’ ಯಾಕೆ ಬಳಸುತ್ತಾರೆ? ಮಗ್ಗಕ್ಕೆ ಸಾಲ ಕೇಳಿದವನಿಗೆ ತೆರೆಯ ಮೇಲೆ ‘ಮಗ’ ಅಂತ ಕಂಡರೆ, ‘ಇದ್ಯಾಕೋ ಸರಿ ಇಲ್ಲ ತಮ್ಮಾ, ಇಂಗ್ಲಿಷೇ ಇಡು’ ಅಂತಾನೆ. ಓದಲು ಬಾರದ್ದನ್ನು ಬೇರೆಯವರ ಕೈಲಿ ಓದಿಸಿ, ನಂಬಿ ಸಹಿ ಹಾಕುತ್ತಾನೆ. ನಾವು ಆ ಒಂದು ಕ್ಲಿಕ್ಕನ್ನೂ ಎಣಿಸಿ, ಕನ್ನಡಕ್ಕೆ ಬೇಡಿಕೆ ಇಲ್ಲ ಅಂತ ಸ್ಲೈಡ್ ಮಾಡುತ್ತೇವೆ. ಕಾಲು ಮುರಿದು, ಓಡಲ್ಲ ಅಂತ ದೂರಿದಂಗಾತು.

ಒಂದು ಕಾಲಕ್ಕೆ ನೆಪ ಇತ್ತು. 2017ರಲ್ಲಿ ಜಾವಾ 9 ಬರುವವರೆಗೆ ಪ್ರಾಪರ್ಟೀಸ್ ಫೈಲಿನ ಕನ್ನಡವನ್ನು ಒಂದೊಂದೇ ಯೂನಿಕೋಡ್ ಸಂಕೇತವಾಗಿ ತುಂಬಬೇಕಿತ್ತು. ಈಗ ಯುಟಿಎಫ್-8 ನೇರವಾಗಿ ಓದುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟು ಪುಕ್ಕಟೆ ಸಿಗುತ್ತದೆ. ನೆಪ ಮುಗಿದಿದೆ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗ ಹಳದಿ-ಕೆಂಪು ಶಾಲಿನ ಫೋಟೊ ಹಾಕಿದ ಎಂಜಿನಿಯರುಗಳಲ್ಲಿ ನಾನೂ ಒಬ್ಬ. ಅದು ತಪ್ಪಲ್ಲ. ಆದರೆ ಶಾಲು ಹೊದ್ದ ಕೈಯೇ ಸೋಮವಾರ ಒತ್ತಕ್ಷರ ಕಡಿಯುವ ಸಿಎಸ್‌ಎಸ್ ಬರೆದರೆ ಆ ಅಭಿಮಾನಕ್ಕೆ ಏನು ಬೆಲೆ?

ಕೆಲಸ ಸಣ್ಣದು. ಬಿಗಿದ ಎತ್ತರ ತೆಗೆದು ಕನಿಷ್ಠ ಎತ್ತರ ಕೊಡಿ. ಲೈನ್-ಹೈಟ್ ಸಡಿಲಿಸಿ. ಫಾಂಟ್ ಪಟ್ಟಿಗೆ ಕನ್ನಡದ್ದೊಂದು ಸೇರಿಸಿ. ಥೀಮ್ ಮರ್ಜ್ ಮಾಡುವ ಮೊದಲು ಹೊಸರಿತ್ತಿ, ರಾಣೆಬೆನ್ನೂರು, ಬ್ಯಾಡಗಿ ಅಂತ ಮೂರು ಹೆಸರು ಟೈಪ್ ಮಾಡಿ ನೋಡಿ. ಮೂರೂ ಪೂರ್ತಿ ಕಂಡರೆ ಮರ್ಜ್ ಮಾಡಿ, ಇಲ್ಲದಿದ್ದರೆ ಬೇಡ.